ಹೆಡೆ ಎತ್ತಿದ್ದು ಏತಕ್ಕೆ?



ಕಳೆದ ಮುಂಗಾರಿನ ಮೊದಲ ವಾರದಲ್ಲಿ ನಮಗೊಂದು ಪತ್ರ ಬಂದಿತು. ಬರೆದವರು ಬಾಳೆಹೊನ್ನೂರಿನ ಕಡೆಯ, ನಮ್ಮ ಸಮಾಜದ ಒಬ್ಬ ಹೆಣ್ಣುಮಗಳು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಸೀಮೆಯಲ್ಲಿರುವ ಒಂದು ಸಹಕಾರ ಸಂಘದಲ್ಲಿ ಗುಮಾಸ್ತೆಯಾಗಿ ದುಡಿಯುತ್ತಿದ್ದಾರೆ. ಅವರ ಹೆಸರನ್ನಾಗಲಿ ಸಂಘದ ಹೆಸರನ್ನಾಗಲಿ ಇಲ್ಲಿ ಹೇಳುವುದು ಉಚಿತವಲ್ಲ. ಪತ್ರದ ಸಾರ ಮಾತ್ರ ಇಷ್ಟು:

"ಗುರುಗಳೇ, ನಾನು ಈ ಸಂಘಕ್ಕೆ ಸೇರಿ ಎರಡು ವರ್ಷವಾಯಿತು. ನಮ್ಮ ಕಾರ್ಯದರ್ಶಿಗಳು ವಯಸ್ಸಿನಲ್ಲಿ ಹಿರಿಯರು. ಕೆಲಸ ಬಲ್ಲವರು, ಕೈ ಶುದ್ಧವಾದವರು. ಆದರೆ ಬಾಯಿ ತೆರೆದರೆ ಸಿಡಿಲು. ರಸೀದಿಯಲ್ಲಿ ಒಂದು ಅಂಕಿ ತಪ್ಪಿದರೆ ಸಾಕು, ಸಾಲ ಕಟ್ಟಲು ಬಂದು ನಿಂತ ರೈತರೆಲ್ಲರ ಎದುರಿಗೇ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ, 'ಯಾರಮ್ಮ ನಿನಗೆ ಲೆಕ್ಕ ಕಲಿಸಿದ್ದು?' ಎನ್ನುತ್ತಾರೆ. ತಲೆ ತಗ್ಗಿಸಿ ಮನೆಗೆ ಬರುತ್ತೇನೆ. ಹೇಳಿಕೊಂಡರೆ ಅಮ್ಮ, 'ಹಿರಿಯರಲ್ಲವೇ, ಸಹಿಸಿಕೋ' ಎನ್ನುತ್ತಾರೆ. ಅಣ್ಣ, 'ನಾಳೆಯೇ ಬಿಟ್ಟು ಬಾ' ಎನ್ನುತ್ತಾನೆ. ನನಗೆ ಈ ಕೆಲಸ ಬೇಕು. ಆದರೆ ಈ ಅವಮಾನ ಬೇಡ. ಸಹಿಸಬೇಕೋ, ಬಿಡಬೇಕೋ, ದಯವಿಟ್ಟು ಹೇಳಿ."

ಈ ಪ್ರಶ್ನೆ ಆ ಮಗಳೊಬ್ಬಳದೇ ಅಲ್ಲ. ಕಚೇರಿ, ಶಾಲೆ, ಅಂಗಡಿ, ತೋಟ, ಆಸ್ಪತ್ರೆ, ಎಲ್ಲಿ ನಾಲ್ಕು ಜನ ಕೂಡಿ ದುಡಿಯುತ್ತಾರೋ ಅಲ್ಲಿ ಒಬ್ಬ ಸಿಡುಕಿನ ಮನುಷ್ಯರು ಇದ್ದೇ ಇರುತ್ತಾರೆ. ಕಾಯಕವೇ ಪೂಜೆಯೆಂದು ನಂಬಿದ ಮನೆತನಗಳ ಮಕ್ಕಳಿಗೆ ಆ ಪೂಜೆಯ ಸ್ಥಳವೇ ಸಂಕಟದ ಸ್ಥಳವಾದರೆ ಏನು ಮಾಡಬೇಕು? ಈ ತಿಂಗಳು ಈ ಮಾತನ್ನೇ ವಿಚಾರಿಸೋಣ.

ಆ ಪತ್ರ ಕೈಚೀಲದಲ್ಲಿರುವಾಗಲೇ ಬಂಧುಗಳೊಬ್ಬರನ್ನು ಕಾಣಲು ನಾವು ಶೃಂಗೇರಿಯ ಕಡೆಗೆ ಹೋಗಬೇಕಾಯಿತು. ಮಳೆ ತುಸು ಬಿಡುವು ಕೊಟ್ಟ ಒಂದು ಮಧ್ಯಾಹ್ನ ತುಂಗೆಯ ದಡದಲ್ಲಿ ನಿಂತೆವು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಸ್ನಾನಘಟ್ಟದ ಬಳಿ 'ಕಪ್ಪೆ ಶಂಕರ' ಎಂದು ಜನ ಕರೆಯುವ ಒಂದು ಸನ್ನಿಧಿಯಿದೆ. ಅದರ ಸ್ಥಳಪುರಾಣವನ್ನು ಮಲೆನಾಡಿನ ಮಕ್ಕಳೆಲ್ಲ ಬಲ್ಲರು. ಆದಿಶಂಕರರು ಈ ದಡಕ್ಕೆ ಬಂದಾಗ ಸುಡುಬಿಸಿಲಿನಲ್ಲಿ ಒಂದು ಕಪ್ಪೆ ಪ್ರಸವವೇದನೆಯಿಂದ ಬಳಲುತ್ತಿತ್ತಂತೆ. ಒಂದು ನಾಗರಹಾವು ತನ್ನ ಹೆಡೆಯನ್ನು ಕೊಡೆಯಂತೆ ಎತ್ತಿ ಆ ಕಪ್ಪೆಗೆ ನೆರಳು ಕೊಟ್ಟಿತ್ತಂತೆ. ಹುಟ್ಟುವೈರಿಗಳ ನಡುವೆಯೂ ಕರುಣೆ ಚಿಗುರುವ ನೆಲವಿದು ಎಂದು ಅವರು ಇಲ್ಲಿಯೇ ಪೀಠವನ್ನು ಸ್ಥಾಪಿಸಲು ನಿಶ್ಚಯಿಸಿದರೆಂಬುದು ಕಥೆ. ನಾವು ಶರಣಪಥದವರು, ಈ ಪುರಾಣ ಬೇರೊಂದು ಪರಂಪರೆಯದು. ಆದರೆ ಒಳ್ಳೆಯ ಮಾತು ಯಾವ ದಡದಲ್ಲಿ ಸಿಕ್ಕರೂ ಅದನ್ನು ಎತ್ತಿಕೊಳ್ಳಬೇಕೆಂಬುದೇ ನಮ್ಮ ಹಿರಿಯರು ಕಲಿಸಿದ ಪಾಠ.

ಚಿಕ್ಕಂದಿನಿಂದ ಕೇಳಿದ ಈ ಕಥೆಯಲ್ಲಿ ಅಂದು ನಮಗೆ ಹೊಸದೊಂದು ಸಂಗತಿ ಹೊಳೆಯಿತು. ಆ ದೃಶ್ಯವನ್ನು ಆಚೆಯ ದಡದಿಂದ ಒಬ್ಬ ದಾರಿಹೋಕ ನೋಡಿದ್ದರೆ ಏನೆಂದುಕೊಳ್ಳುತ್ತಿದ್ದ? ಹಾವು ಹೆಡೆ ಎತ್ತಿದೆ. ಅದರ ಕೆಳಗೆ ಕಪ್ಪೆಯಿದೆ. ಕಚ್ಚುವುದಕ್ಕೇ ಎತ್ತಿದೆ ಎಂದು ತಿಳಿದು ಕಲ್ಲು ಬೀಸುತ್ತಿದ್ದ. ಕಚ್ಚಲು ಎತ್ತಿದ ಹೆಡೆ, ಹೆದರಿ ಎತ್ತಿದ ಹೆಡೆ, ನೆರಳಿಗಾಗಿ ಎತ್ತಿದ ಹೆಡೆ, ಮೂರೂ ದೂರದಿಂದ ಒಂದೇ ಬಗೆಯಾಗಿ ಕಾಣುತ್ತವೆ. ಸಮೀಪಕ್ಕೆ ಬಂದು, ಒಂದು ಕ್ಷಣ ನಿಂತು, ಬಿಸಿಲು ಯಾವ ಕಡೆಯದು, ನೆರಳು ಎಲ್ಲಿ ಬಿದ್ದಿದೆ ಎಂದು ನೋಡಿದವನಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ನಾವೆಲ್ಲರೂ ಬಹಳ ಸಲ ಆಚೆಯ ದಡದ ದಾರಿಹೋಕರೇ. ಪರರು ಸಿಡುಕಿದರೆ 'ಅವರ ಸ್ವಭಾವವೇ ಹಾಗೆ' ಎಂದು ತೀರ್ಪು ಕೊಡುತ್ತೇವೆ. ನಾವು ಸಿಡುಕಿದರೆ 'ಅಂದಿನ ಸಂದರ್ಭ ಹಾಗಿತ್ತು' ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಪರರ ನಡತೆಗೆ ಅವರ ಗುಣವನ್ನೇ ಕಾರಣವೆಂದು ಹಿಡಿದು ಸಂದರ್ಭವನ್ನು ಮರೆಯುವ ಈ ದೋಷವನ್ನು ಮನಶ್ಶಾಸ್ತ್ರದ ವಿದ್ವಾಂಸರು ಆಳವಾಗಿ ಅಭ್ಯಸಿಸಿದ್ದಾರೆ. ಅಮೆರಿಕದ ಲೀ ರಾಸ್ ಎಂಬುವರು 1977ರಲ್ಲಿ ಇದಕ್ಕೊಂದು ಶಾಸ್ತ್ರೀಯ ಹೆಸರನ್ನೇ ಇಟ್ಟರು.

ಇದಕ್ಕಿಂತ ನಾಲ್ಕು ವರ್ಷ ಮೊದಲು, 1973ರಲ್ಲಿ, ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬಿಬ್ಬರು ಪ್ರಕಟಿಸಿದ ಒಂದು ಪ್ರಯೋಗವನ್ನು, ಮಠದ ಪಾಠಶಾಲೆಯಲ್ಲಿ ಬೆಳೆದ ನಾವು ಓದಿ ತಲೆ ತಗ್ಗಿಸಿದ್ದೆವು. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಕ್ರೈಸ್ತ ಧರ್ಮಶಾಸ್ತ್ರ ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಅವರು ಪರೀಕ್ಷಿಸಿದರು. ಪಕ್ಕದ ಕಟ್ಟಡಕ್ಕೆ ಹೋಗಿ ಚಿಕ್ಕ ಉಪನ್ಯಾಸ ಮಾಡಬೇಕೆಂದು ಅವರಿಗೆ ಹೇಳಲಾಯಿತು. ಕೆಲವರ ವಿಷಯವಂತೂ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿ ಉಪಚರಿಸಿದ ಸಮಾರಿಯದ ಸಜ್ಜನನ ಕಥೆಯೇ ಆಗಿತ್ತು. ಹೋಗುವ ಹಾದಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ನರಳುವಂತೆ ಏರ್ಪಾಡು ಮಾಡಲಾಗಿತ್ತು. ಸಾಕಷ್ಟು ಸಮಯವಿದೆ ಎಂದು ತಿಳಿದು ಹೊರಟವರಲ್ಲಿ ನೂರಕ್ಕೆ 63 ಜನ ನಿಂತು ವಿಚಾರಿಸಿದರು. ತಡವಾಯಿತು, ಬೇಗ ಹೋಗಿ ಎಂದು ಅವಸರಪಡಿಸಿ ಕಳುಹಿಸಿದವರಲ್ಲಿ ನಿಂತವರು ನೂರಕ್ಕೆ 10 ಜನ ಮಾತ್ರ. ಕರುಣೆಯ ಕಥೆಯನ್ನೇ ಹೇಳಲು ಹೊರಟಿದ್ದ ಕೆಲವರೂ ನರಳುವವನನ್ನು ದಾಟಿ ಹೋದರು. ಅವರು ದುಷ್ಟರೇ? ಅಲ್ಲ. ಬೆನ್ನ ಹಿಂದೆ ಗಡಿಯಾರವಿತ್ತು, ಅಷ್ಟೆ. ಅವಸರ, ಆಯಾಸ, ಭಯ ಇವು ಸಜ್ಜನನನ್ನೂ ಕಲ್ಲಾಗಿಸಬಲ್ಲವು.

ಇದನ್ನು ನಾವು ಪುಸ್ತಕದಿಂದ ಕಲಿತೆವು ಎಂದರೆ ಪೂರ್ತಿ ನಿಜವಾಗದು. ನಮ್ಮ ಕೈಯಿಂದಲೇ ಆದ ಒಂದು ತಪ್ಪಿನಿಂದ ಕಲಿತೆವು. ಅದನ್ನು ಇದುವರೆಗೆ ಈ ಪುಟದಲ್ಲಿ ಬರೆದಿರಲಿಲ್ಲ.

ಮೂವತ್ತು ವರ್ಷಗಳಿಗೂ ಹಿಂದಿನ ಮಾತು. ಮಠದ ಓದು ಮುಗಿಸಿ, ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತರಾಗಿ ಕೆಲಸಕ್ಕೆ ಸೇರಿದ್ದೆವು. ಅಲ್ಲಿಯ ಗುಮಾಸ್ತರು ಬಹಳ ಒರಟು. ಸಂಬಳದ ಬಿಲ್ಲು ತಡವಾಗುತ್ತಿತ್ತು. ಕೇಳಲು ಹೋದರೆ ತಲೆ ಎತ್ತದೆ, 'ಆದಾಗ ಆಗುತ್ತೆ' ಎನ್ನುತ್ತಿದ್ದರು. ಮಧ್ಯಾಹ್ನದ ಹೊತ್ತು ಮೇಜಿಗೆ ತಲೆಯಾನಿಸಿ ತೂಕಡಿಸುತ್ತಿದ್ದರು. ಒಮ್ಮೆ ನಾವು ರಜೆಯ ಅರ್ಜಿ ಕೊಡಲು ಹೋದಾಗ, 'ಶಾಸ್ತ್ರ ಓದಿದೋರಿಗೆ ತಾರೀಖು ಬರೆಯೋಕೆ ಬರಲ್ವಾ?' ಎಂದು ಎಲ್ಲರ ಎದುರು ಅರ್ಜಿಯನ್ನು ಹಿಂದಕ್ಕೆ ತಳ್ಳಿದರು. ಅಂದು ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರೂ ಸೇರಿ ಮೇಲಧಿಕಾರಿಗಳಿಗೆ ದೂರು ಕೊಡಲು ನಿಶ್ಚಯಿಸಿದರು. ಬರೆಯುವವರು ಯಾರು? ಭಾಷೆ ಚೆನ್ನಾಗಿರುವುದು ಪಂಡಿತರದು ಎಂದರು. ನಾವು ಬರೆದೆವು. ಮಠದಲ್ಲಿ ಗುರುಗಳು ಪ್ರೀತಿಯಿಂದ ಕಲಿಸಿದ ಅಕ್ಷರವನ್ನು ಒಬ್ಬ ಮನುಷ್ಯನನ್ನು ಚುಚ್ಚುವುದಕ್ಕೆ ಬಳಸಿದೆವು. ಬಹಳ ಸೊಗಸಾಗಿ ಬರೆದಿರುವಿರಿ ಎಂಬ ಹೊಗಳಿಕೆಯೂ ಸಿಕ್ಕಿತು. ಮೂರು ತಿಂಗಳಲ್ಲಿ ಅವರಿಗೆ ಬಯಲುಸೀಮೆಯ ದೂರದ ತಾಲ್ಲೂಕಿಗೆ ವರ್ಗವಾಯಿತು.

ಒಂದು ವರ್ಷದ ಮೇಲೆ ಬೇರೊಂದು ಕಾರ್ಯನಿಮಿತ್ತ ಅವರ ಊರಿಗೆ ಹೋಗುವ ಪ್ರಸಂಗ ಬಂದಿತು. ದಾರಿಯಲ್ಲಿಯೇ ಅವರ ಮನೆ. ಅವರ ಮನೆಯವರು ನಮ್ಮನ್ನು ಗುರುತಿಸಿ ಒಳಗೆ ಕರೆದು ಕಾಫಿ ಕೊಟ್ಟರು. ಅಂಗಳದ ಕೆಳಗೆ ಎರಡು ಎಕರೆಯಷ್ಟು ಅಡಿಕೆ ತೋಟ. ಇಡೀ ತೋಟ ಅರಿಸಿನ ಬಳಿದಂತೆ ಹಳದಿ. ಮಾತಿನಲ್ಲಿ ಮಾತು ಬಂದು ಎಲ್ಲವೂ ತಿಳಿಯಿತು. ಅವರ ತಂದೆಯವರು ಪಾರ್ಶ್ವವಾಯು ಬಡಿದು ಆರು ವರ್ಷ ಹಾಸಿಗೆಯಲ್ಲಿದ್ದರಂತೆ. ಗುಮಾಸ್ತರು ರಾತ್ರಿ ಎರಡು ಮೂರು ಸಲ ಎದ್ದು ತಂದೆಯನ್ನು ಮಗ್ಗುಲಾಗಿಸಿ, ಬೆಳಗಿನ ಜಾವ ನಾಲ್ಕಕ್ಕೆ ಅವರ ಮೈ ಒರೆಸಿ, ತೋಟಕ್ಕೊಂದು ಸುತ್ತು ಹಾಕಿ, ಏಳರ ಬಸ್ಸು ಹಿಡಿದು ಶಾಲೆಗೆ ಬರುತ್ತಿದ್ದರಂತೆ. ಫಸಲು ಕುಸಿದು ಸಾಲ ಬೆಳೆದಿತ್ತಂತೆ. ವರ್ಗವಾದ ಮೇಲೆ ತಂದೆಯನ್ನು ಎತ್ತಿ ಕೂರಿಸುವವರಿಲ್ಲದೆ, ಮುಂದಿನ ಮಳೆಗಾಲ ಕಳೆಯುವುದರೊಳಗೆ ಅವರು ತೀರಿಕೊಂಡರಂತೆ. ಮಗ ಬರುವ ಹೊತ್ತಿಗೆ ಎಲ್ಲವೂ ಮುಗಿದಿತ್ತಂತೆ.

ಹೊರಡುವಾಗ ಆ ತಾಯಿ ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. "ಇವ್ರು ಯಾವಾಗ್ಲೂ ಹೇಳೋರು, ಶಾಲೇಲಿ ಪಂಡಿತರು ಒಬ್ರೇ ನನ್ನ ಮರ್ಯಾದೆ ಕೊಟ್ಟು ಮಾತಾಡ್ಸೋರು ಅಂತ."

ದೂರು ಬರೆದ ಕೈ ಯಾವುದೆಂದು ಅವರಿಗೆ ತಿಳಿದಿರಲಿಲ್ಲ. ನಾವು ಹೇಳಲಿಲ್ಲ. ಕಾಫಿ ಕುಡಿದು ಕೈಮುಗಿದು ಬಂದೆವು. ಹೇಳಬೇಕಿತ್ತು.

ಆ ದೂರಿನಲ್ಲಿ ಸುಳ್ಳಿರಲಿಲ್ಲ. ಬಿಲ್ಲು ತಡವಾದದ್ದು ನಿಜ, ಒರಟು ಮಾತು ನಿಜ, ತೂಕಡಿಸಿದ್ದೂ ನಿಜ. ಆದರೆ ಬರೆಯುವ ಮೊದಲು 'ರಾತ್ರಿ ನಿದ್ದೆ ಆಗುವುದಿಲ್ಲವೇ?' ಎಂದು ನಮ್ಮಲ್ಲಿ ಒಬ್ಬರೂ ಅವರನ್ನು ಕೇಳಿರಲಿಲ್ಲ. ಕೇಳಿದ್ದರೆ ಬಿಲ್ಲಿನ ಕೆಲಸದಲ್ಲಿ ಒಬ್ಬರು ನೆರವಾಗಬಹುದಿತ್ತು. ಸಂಬಳವೂ ಸಕಾಲಕ್ಕೆ ಬರುತ್ತಿತ್ತು, ಒಬ್ಬ ಮಗ ತಂದೆಯ ಬಳಿಯೂ ಇರುತ್ತಿದ್ದ.

ಈ ಮೂರು ತಾಲ್ಲೂಕುಗಳ ಅಡಿಕೆ ಬೆಳೆಗಾರರಿಗೆ ಹಳದಿ ಎಲೆ ರೋಗದ ಪರಿಚಯ ಬೇಕಾಗಿಲ್ಲ. ಕೇರಳದಲ್ಲಿ 1914ರಷ್ಟು ಹಿಂದೆಯೇ ಕಂಡುಬಂದ ಈ ರೋಗ ಹಲವು ದಶಕಗಳಿಂದ ಈ ಸೀಮೆಯ ತೋಟಗಳನ್ನು ತಿನ್ನುತ್ತಿದೆ. ಮೊದಲು ಹೊರಸುತ್ತಿನ ಸೋಗೆಯ ತುದಿ ಹಳದಿಯಾಗುತ್ತದೆ, ಕಾಯಿ ಉದುರುತ್ತದೆ, ತಿರುಳು ಕೆಡುತ್ತದೆ, ವರ್ಷ ಕಳೆದಂತೆ ಮರದ ತಲೆ ಸಣ್ಣಗಾಗುತ್ತದೆ. ನೆಟ್ಟು ಐದಾರು ವರ್ಷ ಕಾದು ಬೆಳೆಸಿದ ಮರ ಫಲ ಕೊಡಬೇಕಾದ ಕಾಲದಲ್ಲಿ ಬರಿದಾಗಿ ನಿಲ್ಲುತ್ತದೆ. ಬೆಳೆಗಾರರು ಬಸಿಗಾಲುವೆ ತೆಗೆದರು, ಸುಣ್ಣ ಹಾಕಿದರು, ಗೊಬ್ಬರ ಬದಲಿಸಿದರು. ತೋಟ ತುಸು ಚೇತರಿಸಿಕೊಂಡರೂ ರೋಗ ಹೋಗಲಿಲ್ಲ. ಫೈಟೋಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿ ಮರದ ಆಹಾರನಾಳಗಳಲ್ಲಿ ನೆಲೆಸಿ ಈ ರೋಗ ತರುತ್ತದೆಂದೂ ಒಂದು ಸಣ್ಣ ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆಂದೂ ವಿಜ್ಞಾನಿಗಳು ಕಂಡುಕೊಂಡರು. ಇದನ್ನು ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಸಿಕ್ಕಿಲ್ಲ. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಇದರ ಜೊತೆಗೆ ಸೇರಿಕೊಂಡಿದೆ.

ರೋಗ ಕಾಣುವುದು ಎಲೆಯಲ್ಲಿ, ಇರುವುದು ಒಳಗಿನ ನಾಳದಲ್ಲಿ. ಹಳದಿಯಾದ ಸೋಗೆಯನ್ನು ಕತ್ತರಿಸಿ ಎಸೆದರೆ ಮರ ಗುಣವಾಗದೆಂದು ಬೆಳೆಗಾರನಿಗೆ ಗೊತ್ತು. ಆದರೆ ಅದೇ ಬೆಳೆಗಾರ, ಅದೇ ಅಧ್ಯಾಪಕ, ಅದೇ ಗುಮಾಸ್ತ, ಮನುಷ್ಯನ ವಿಷಯದಲ್ಲಿ ಮಾತ್ರ ಎಲೆಯನ್ನೇ ನೋಡಿ ತೀರ್ಪು ಕೊಡುತ್ತಾನೆ.

ಈ ಎಲ್ಲವನ್ನೂ ನೆನೆದು ಆ ಹೆಣ್ಣುಮಗಳಿಗೆ ಉತ್ತರ ಬರೆದೆವು. ಸಹಿಸು ಎಂದೂ ಬರೆಯಲಿಲ್ಲ, ಬಿಡು ಎಂದೂ ಬರೆಯಲಿಲ್ಲ. ಒಂದು ತಿಂಗಳು ಮೂರು ಸಂಗತಿಗಳನ್ನು ಗಮನಿಸು ಎಂದೆವು. ಒಂದು: ಅವರು ಯಾವ ದಿನ, ಯಾವ ಹೊತ್ತಿನಲ್ಲಿ ಸಿಡುಕುತ್ತಾರೆ? ಎರಡು: ಯಾವ ವಿಷಯಕ್ಕೆ ಸಿಡುಕುತ್ತಾರೆ, ಯಾವುದಕ್ಕೆ ಸಿಡುಕುವುದಿಲ್ಲ? ಮೂರು: ಸಿಡುಕುವುದಕ್ಕೆ ಸ್ವಲ್ಪ ಮೊದಲು ಏನು ನಡೆದಿರುತ್ತದೆ? ಮನಸ್ಸಿಗೆ ನೋವಾದಾಗ 'ಯಾವಾಗಲೂ ಹೀಗೆಯೇ' ಎನ್ನಿಸುತ್ತದೆ. ದಿನವೂ ಗುರುತು ಹಾಕಿಕೊಂಡು ನೋಡಿದರೆ 'ಯಾವಾಗಲೂ' ಎಂಬುದು 'ಕೆಲವು ದಿನ' ಆಗುತ್ತದೆ. ಆ ಕೆಲವು ದಿನಗಳಲ್ಲಿಯೇ ಕಾರಣವೂ ಇರುತ್ತದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಎರಡನೆಯ ಪತ್ರ ಬಂದಿತು. ಅದರಲ್ಲಿ ಬರೆದಿದ್ದರು:

"ಗುರುಗಳೇ, ನೀವು ಹೇಳಿದಂತೆ ಗುರುತು ಹಾಕಿಕೊಂಡೆ. ತಿಂಗಳಲ್ಲಿ ಅವರು ಕೂಗಾಡಿದ್ದು ಏಳು ದಿನ. ಏಳರಲ್ಲಿ ಐದು ದಿನ ತಿಂಗಳ ಕೊನೆಯ ವಾರದವು. ಏಳೂ ಸಲ ಕಾರಣ ಅಂಕಿಯ ತಪ್ಪು. ನಾನು ತಡವಾಗಿ ಬಂದಾಗ, ಬಸ್ಸು ಸಿಗದೆ ರಜೆ ಹಾಕಿದಾಗ ಒಂದು ಮಾತೂ ಆಡಿಲ್ಲ. ಇದು ನನಗೇ ಆಶ್ಚರ್ಯವಾಯಿತು. ನಮ್ಮ ಜವಾನರು ಹಳಬರು. ಅವರನ್ನು ಕೇಳಿದೆ. ಬಹಳ ಹಿಂದೆ ಇಲ್ಲಿದ್ದ ಒಬ್ಬ ಗುಮಾಸ್ತರು ಮಾಡಿದ ತಪ್ಪು ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿ, ಆ ಹಣವನ್ನು ಕಾರ್ಯದರ್ಶಿಗಳು ತಮ್ಮ ಸಂಬಳದಿಂದ ವರ್ಷಗಟ್ಟಲೆ ಕಟ್ಟಿದರಂತೆ. ಆ ವರ್ಷವೇ ಅವರ ಮಗಳ ಮದುವೆ ನಿಂತುಹೋಯಿತಂತೆ. ಅವರ ತೋಟವೂ ಹಳದಿಯಾಗಿದೆಯಂತೆ."

ಸಂಘದ ಕಾರ್ಯದರ್ಶಿಯ ಕುರ್ಚಿ ಎಂಥದು ಎಂಬುದನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಬೇಕು. ನಮ್ಮ ನಾಡಿಗೆ ಸಹಕಾರ ಸಂಘವೆಂಬುದು ಹೊಸದಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘದಿಂದ ಈ ಚಳವಳಿ ಬೆಳೆಯಿತು. ಇಂದು ಬೆಳೆಸಾಲ, ಗೊಬ್ಬರ, ಪಡಿತರ ಎಲ್ಲಕ್ಕೂ ಹಳ್ಳಿಯವರು ಸಂಘದ ಬಾಗಿಲಿಗೇ ಬರುತ್ತಾರೆ. ಗಡುವಿನೊಳಗೆ ಸಾಲ ಕಟ್ಟದಿದ್ದರೆ ರೈತರಿಗೆ ಬಡ್ಡಿಯ ರಿಯಾಯಿತಿ ತಪ್ಪುತ್ತದೆ. ಕಾರ್ಯದರ್ಶಿಯ ಒಂದು ಕಡೆಗೆ ಫಸಲು ಕಳೆದುಕೊಂಡ ನೆರೆಹೊರೆಯವರು, ಇನ್ನೊಂದು ಕಡೆಗೆ ವಸೂಲಿ ಎಷ್ಟಾಯಿತೆಂದು ಕೇಳುವ ಬ್ಯಾಂಕು. ತಾನೂ ಅದೇ ರೋಗದ ತೋಟದವನು. ಅಂಕಿ ತಪ್ಪಿದರೆ ಮೊದಲ ಪ್ರಶ್ನೆ ಬರುವುದು ಅವನಿಗೆ. ಆ ಹಿರಿಯರ ಕೂಗು ಭಯದ ಕೂಗಾಗಿತ್ತು. ಒಮ್ಮೆ ಸುಟ್ಟ ಕೈ ಒಲೆಯ ಬಳಿ ನಡುಗುವಂತೆ, ಒಂದು ತಪ್ಪು ಸೊನ್ನೆಯನ್ನು ಕಂಡೊಡನೆ ಅವರ ಹೆಡೆ ಮೇಲೇಳುತ್ತಿತ್ತು.

ಹಾಗೆಂದು ಹೆಣ್ಣುಮಗಳು ಸುಮ್ಮನಿರಲಿಲ್ಲ. ದಿನದ ಚಿಟ್ಟಾವನ್ನು ಅವರು ಕೇಳುವ ಮೊದಲೇ ತಾಳೆ ನೋಡಿ ಮೇಜಿನ ಮೇಲಿಡತೊಡಗಿದರು. ತಿಂಗಳ ಮೊದಲ ವಾರದ ಒಂದು ಶಾಂತ ಸಂಜೆ ಧೈರ್ಯ ಮಾಡಿ ಹೀಗೆಂದರಂತೆ: "ಸಾರ್, ತಪ್ಪು ಆದಾಗ ನೀವು ಹೇಳಲೇಬೇಕು. ಆದರೆ ಜನರ ಎದುರು ಬೇಡ, ಒಳಗೆ ಕರೆದು ಹೇಳಿ. ಜನರ ಎದುರು ಬೈಸಿಕೊಂಡ ದಿನ ನನಗೆ ಕೈ ನಡುಗಿ ಇನ್ನೆರಡು ತಪ್ಪು ಆಗುತ್ತದೆ." ಅವರು ಉತ್ತರ ಕೊಡಲಿಲ್ಲವಂತೆ. ಮುಂದಿನ ತಿಂಗಳ ಕೊನೆಯಲ್ಲಿ ಒಮ್ಮೆ ಕೂಗಲು ಬಾಯಿ ತೆರೆದವರು, ಸಾಲಿನಲ್ಲಿ ನಿಂತ ರೈತರನ್ನು ನೋಡಿ, ಪುಸ್ತಕವನ್ನು ಎತ್ತಿಕೊಂಡು ಒಳಗೆ ಹೋದರಂತೆ. ಒಂದು ಸಂಜೆ ಲೆಕ್ಕ ಮುಗಿದ ಮೇಲೆ, "ತಾಳೆ ಆಗಿದೆ. ಹೊರಡಮ್ಮ, ಬಸ್ಸು ತಪ್ಪುತ್ತೆ" ಎಂದರಂತೆ. ಅವರು ಮೃದುವಾಗಿಬಿಟ್ಟರು ಎಂದು ಆಕೆ ಬರೆದಿಲ್ಲ. "ಈಗಲೂ ಸಿಡುಕುತ್ತಾರೆ, ಆದರೆ ನಾನು ಅದನ್ನು ಮನೆಗೆ ಹೊತ್ತು ತರುವುದಿಲ್ಲ" ಎಂದು ಬರೆದಿದ್ದಾರೆ. ಇಷ್ಟಾದರೆ ಕಡಿಮೆಯಲ್ಲ.

ಈಗ ಒಂದು ಎಚ್ಚರಿಕೆಯ ಮಾತು. ಪರರನ್ನು ಅರಿತುಕೊಳ್ಳಿ ಎಂಬ ಉಪದೇಶ ನಮ್ಮ ಮನೆಗಳಲ್ಲಿ ಯಾರಿಗೆ ಸಲ್ಲುತ್ತದೆ ಎಂಬುದನ್ನು ಗಮನಿಸಿದ್ದೀರಾ? ಮಗಳಿಗೆ 'ಸಹಿಸಿಕೋ' ಎನ್ನುತ್ತೇವೆ. ಮಗನಿಗೆ ಹಾಗೆನ್ನುವುದು ವಿರಳ. ಗುಮಾಸ್ತೆಗೆ ತಾಳ್ಮೆ ಕಲಿಸುತ್ತೇವೆ, ಮೇಲಧಿಕಾರಿಗೆ ಕಲಿಸುವವರಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಎಂಬುವರು 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಮಾನದ ಪರಿಚಾರಿಕೆಯರ ದುಡಿಮೆಯನ್ನು ವಿವರಿಸಿದ್ದಾರೆ. ಬೈಯುವ ಪ್ರಯಾಣಿಕನಿಗೆ ಏನೋ ದುಃಖವಿರಬಹುದೆಂದು ಕಲ್ಪಿಸಿಕೊಂಡು ನಗುತ್ತಿರಬೇಕೆಂದು ಅವರಿಗೆ ತರಬೇತಿಯಲ್ಲಿಯೇ ಕಲಿಸಲಾಗುತ್ತಿತ್ತು. ಕೇಳಲು ಒಳ್ಳೆಯ ಮಾತು. ಆದರೆ ಸಂಬಳಕ್ಕಾಗಿ ದಿನವಿಡೀ ನಕ್ಕು ನಕ್ಕು, ತಮ್ಮ ನಿಜವಾದ ಭಾವನೆ ಯಾವುದೆಂದು ತಮಗೇ ತಿಳಿಯದ ಸ್ಥಿತಿಗೆ ಕೆಲವರು ಬಂದಿದ್ದರು. ಅಂತಃಕರಣವು ಒಳಗಿನಿಂದ ಹುಟ್ಟಬೇಕು. ಮೇಲಿನವರು ಕೆಳಗಿನವರ ಮೇಲೆ ಹೇರಿದರೆ ಅದೂ ಒಂದು ಬಗೆಯ ದಬ್ಬಾಳಿಕೆಯಾಗುತ್ತದೆ.

ಆದ್ದರಿಂದ ಅರಿಯುವುದು ಬೇರೆ, ಒಪ್ಪುವುದು ಬೇರೆ. ಕಾರಣವನ್ನು ತಿಳಿದ ಮಾತ್ರಕ್ಕೆ ತಪ್ಪು ಸರಿಯಾಗದು. ಸಿಡುಕಿನ ಹಿಂದೆ ನೋವಿರಬಹುದು. ಹಾಗೆಂದು ಅವಮಾನವನ್ನು ನುಂಗಬೇಕಾಗಿಲ್ಲ. ಕೈ ಎತ್ತುವವರು, ಸುಳ್ಳು ಲೆಕ್ಕಕ್ಕೆ ಸಹಿ ಹಾಕಿಸುವವರು, ಜಾತಿ ಹಿಡಿದು ಹೀಯಾಳಿಸುವವರು, ಹೆಣ್ಣುಮಕ್ಕಳೊಡನೆ ಅನುಚಿತವಾಗಿ ನಡೆಯುವವರು, ಇವರ ವಿಷಯದಲ್ಲಿ 'ಏನು ಕಷ್ಟವೋ' ಎಂದು ಕಾಯುತ್ತ ಕೂಡಬಾರದು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳವನ್ನು ತಡೆಯಲು 2013ರಲ್ಲಿ ಕಾಯ್ದೆ ಬಂದಿದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಕಡೆ ದುಡಿಯುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ತಂದೆತಾಯಿಗಳು ಮಗಳಿಗೆ ಇದನ್ನು ತಿಳಿಸಿ ಕಳುಹಿಸಬೇಕು.

ತಪ್ಪನ್ನು ತಿದ್ದುವುದಕ್ಕೂ ನಮ್ಮಲ್ಲಿ ಮಾದರಿಯಿದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು, ಅಂದಿಗೆ ಬೇಕಾದುದಕ್ಕಿಂತ ಹೆಚ್ಚಿನದು ನಮಗೆ ಸಲ್ಲದೆಂದು, ಅದನ್ನು ಅಲ್ಲಿಗೇ ಹಿಂದಿರುಗಿಸಲು ಕಳುಹಿಸಿದ ಕಥೆಯನ್ನು ಎಲ್ಲರೂ ಬಲ್ಲಿರಿ. ಗಂಡನನ್ನು ಅವರು ಊರ ಮುಂದೆ ಹೀಯಾಳಿಸಲಿಲ್ಲ. ತಪ್ಪನ್ನು ಬಿಟ್ಟುಕೊಡಲೂ ಇಲ್ಲ. ಕೆಲಸವನ್ನು ತಿದ್ದಿದರು, ಮನುಷ್ಯನನ್ನು ಉಳಿಸಿಕೊಂಡರು. ನಮ್ಮ ಕಾರ್ಯದರ್ಶಿಗಳಿಗೂ ಮುಖ್ಯೋಪಾಧ್ಯಾಯರಿಗೂ ತೋಟದ ಯಜಮಾನರಿಗೂ ಈ ಮಾತು ಸಲ್ಲುತ್ತದೆ. ನಿಮ್ಮ ಭಯ ನಿಜವಿರಬಹುದು. ಅದನ್ನು ಕೈಕೆಳಗಿನವರ ತಲೆಯ ಮೇಲೆ ಸುರಿಯುವ ಅಧಿಕಾರ ನಿಮಗಿಲ್ಲ. 'ಇಂದು ನನ್ನ ಮನಸ್ಸು ಸರಿಯಿಲ್ಲ, ಬ್ಯಾಂಕಿನಿಂದ ಪತ್ರ ಬಂದಿದೆ' ಎಂದು ಒಂದು ಮಾತು ಮೊದಲೇ ಹೇಳಿದರೆ ಕೈಕೆಳಗಿನವರು ನಿಮ್ಮ ಹೊರೆಗೆ ಹೆಗಲು ಕೊಟ್ಟಾರು.

ಶೃಂಗೇರಿಯನ್ನು ಮುಟ್ಟಿ ಹರಿಯುವ ತುಂಗೆಯೂ ಬಾಳೆಹೊನ್ನೂರನ್ನು ಮುಟ್ಟಿ ಹರಿಯುವ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ ಮುಂದೆ ಚೌಡದಾನಪುರದ ದಡಕ್ಕೆ ಬರುತ್ತವೆ. ಅದು ಅಂಬಿಗರ ಚೌಡಯ್ಯನವರ ಹೆಸರಿನೊಡನೆ ಬೆಸೆದ ಊರು. ಶರಣರಲ್ಲಿ ಚೌಡಯ್ಯನವರಷ್ಟು ಕಟುವಾಗಿ ನುಡಿದವರು ವಿರಳ. ಅವರ ಮಾತು ಚಾಟಿಯ ಏಟು. ಆದರೂ ಶರಣರು ಅವರನ್ನು ಒರಟನೆಂದು ದೂರವಿಡಲಿಲ್ಲ. ಹೊಳೆಯ ಸೆಳವಿನಲ್ಲಿ ದಿನವೂ ಜನರ ಪ್ರಾಣವನ್ನು ಹೊತ್ತು ದಾಟಿಸುವವನ ಕೂಗಿನಲ್ಲಿ ಮೃದುತ್ವವನ್ನು ಹುಡುಕಬಾರದೆಂದು ಅವರಿಗೆ ತಿಳಿದಿದ್ದಿರಬೇಕು. ಧ್ವನಿಯನ್ನು ದಾಟಿ ಅವರು ಅರ್ಥವನ್ನು ಕೇಳಿದರು.

ಮನೆಯ ಹಿರಿಯರಲ್ಲಿ ಒಂದು ಬಿನ್ನಹ. ಸಂಜೆ ಮಕ್ಕಳು ಕೆಲಸದಿಂದ ಬಂದು 'ಇಂದು ಹೀಗೆ ಬೈದರು' ಎಂದರೆ, ಕೂಡಲೇ ಸಹಿಸು ಎನ್ನಬೇಡಿ, ಬಿಡು ಎಂದೂ ಹೇಳಬೇಡಿ. ಮೊದಲು ಅವರ ಮಾತನ್ನು ಪೂರ್ತಿ ಕೇಳಿ. ನೊಂದವರ ನೋವನ್ನು ಕೇಳದೆ ನೋಯಿಸಿದವರ ಪರವಾಗಿ ಮಾತನಾಡುವುದು ಅಂತಃಕರಣವಲ್ಲ. ಅವರ ಕಣ್ಣು ಒಣಗಿದ ಮೇಲೆ, 'ಅವರಿಗೆ ಏನಾಗಿರಬಹುದು?' ಎಂದು ನಿಧಾನವಾಗಿ ಕೇಳಿ. ಉತ್ತರವನ್ನು ಮಕ್ಕಳೇ ಹುಡುಕಲಿ.

ಆ ಗುಮಾಸ್ತರು ಈಗ ನಮ್ಮ ನಡುವೆ ಇಲ್ಲ. ಅವರ ಮನೆಯವರ ಎದುರು ಅಂದು ಆಡದೆ ಉಳಿಸಿಕೊಂಡ ಮಾತನ್ನು ಇಷ್ಟು ತಡವಾಗಿ ಇಲ್ಲಿ ಬರೆದಿದ್ದೇವೆ. ಆ ತಾಯಿಯ ಮನೆಗೂ ಈ ಸಂಚಿಕೆ ತಲುಪೀತೆಂಬ ಆಸೆಯಿದೆ. ತಲುಪಿದರೆ, ದೂರು ಬರೆದ ಕೈ ನಮ್ಮದೇ ಎಂದು ಅವರು ತಿಳಿಯಲಿ, ನಮ್ಮನ್ನು ಕ್ಷಮಿಸಲಿ. ಓದುವ ನಿಮ್ಮಲ್ಲಿ ಯಾರಾದರೂ ನಾಳೆ ಇಂಥದೇ ಒಂದು ದೂರಿಗೆ ಸಹಿ ಹಾಕುವ ಪ್ರಸಂಗ ಬಂದರೆ, ಹಾಕಬೇಕಾದುದಾದರೆ ಹಾಕಿರಿ. ಆದರೆ ಅದಕ್ಕೆ ಮೊದಲು ಒಂದು ಸಲ ಆ ಮನುಷ್ಯನ ಮೇಜಿನ ಬಳಿ ಹೋಗಿ, 'ಮನೆಯಲ್ಲಿ ಎಲ್ಲ ಕ್ಷೇಮವೇ?' ಎ೦ದು ಕೇಳಿರಿ.